ಆಯಿ ಝಾಡಿಸಿದ ಸೆರಗು

ಆಯಿಯ ಎಡಗಾಲಿನ ಹೆಬ್ಬೆರಳಿನ ಸುತ್ತ ಒಂದು ಕರಿಯ ಗೆರೆ ಇತ್ತು. ಹಗ್ಗ ತಿಕ್ಕಿ ತಿಕ್ಕಿ ಬಾವಿಯ ಕಲ್ಲಿನಲ್ಲಿ ಬೀಳುವ ಗುಳಿಯಷ್ಟು ಆಳ. ರೇಷ್ಮೆ ದಾರವನ್ನು ಆ ಬೆರಳಿಗೆ ಸಿಕ್ಕಿಸಿ, ಕಾಲು ಚಾಚಿ, ದಾರ ಬಿಗಿಯಾಗಿ ಎಳೆದುಕೊಂಡು ಬಂಗಾರದ ಗುಂಡುಗಳನ್ನು ಪೋಣಿಸುತ್ತಿದ್ದಳು. ಎರಡು ಗುಂಡುಗಳ ನಡುವೆ ಒಂದು ಗಂಟು, ಹುಣಸೆಬೀಜದಂತೆ ಒಂದು ಬದಿಗೆ ಚಪ್ಪಟೆ. ಅಂಥ ಗಂಟು ಬೇರೆ ಯಾರ ಕೈಯಿಂದಲೂ ಬರುತ್ತಿರಲಿಲ್ಲ.

ಸಂತೆಯ ದಿನ ತಾಳಿಕೋಟೆ ಬಸ್ಸಿಗೆ ಮುದ್ದೇಬಿಹಾಳಕ್ಕೆ ಬಂದು, ನಮ್ಮ ಓಣಿಯ ಮನೆಗಳಲ್ಲಿ ಹರಿದ ಸರ ಪೋಣಿಸಿಕೊಡುವುದು ಆಕೆಯ ಕೆಲಸ; ಓಣಿಗೆಲ್ಲ ಆಕೆ ಆಯಿ. ಅದಕ್ಕೊಂದು ಪದ್ಧತಿ ಇತ್ತು. ಮನೆಯ ಹೆಣ್ಣುಮಗಳೊಬ್ಬಳು ಎದುರಿಗೆ ಕೂತು ಕಣ್ಣು ತೆಗೆಯದೆ ನೋಡಬೇಕು. ಕೆಲಸ ಮುಗಿದ ಮೇಲೆ ಆಯಿ ಎದ್ದು ನಿಂತು, ತುರುಬು ಬಿಚ್ಚಿ, ಸೆರಗು ಝಾಡಿಸಿ ತೋರಿಸುತ್ತಾಳೆ. ನೋಡಿದವಳು "ಎಲ್ಲಾ ಸರಿ ಐತಿ" ಅನ್ನಬೇಕು. ಆ ಮಾತು ಕೇಳದೆ ಆಯಿ ಹೊಸ್ತಿಲು ದಾಟುತ್ತಿರಲಿಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಬಂಗಾರದ ಗುಂಡುಗಳ ಬೋರಮಾಳ ಸರ ಹರಿದಾಗ ಕಾಯಲು ಕೂರಿಸಿದ್ದು ನನ್ನನ್ನು. ಯಾರನ್ನೂ ದಿಟ್ಟಿಸಿ ನೋಡಬಾರದು ಎಂದು ಕಾನ್ವೆಂಟಿನ ಸಿಸ್ಟರ್‌ಗಳಿಂದ ಕಲಿತು ಬಂದವಳು ನಾನು. ವಯಸ್ಸಾದ ಹೆಂಗಸನ್ನು ಕಳ್ಳಿಯಂತೆ ಕಾಯುವುದೆಂದರೆ ನಾಚಿಕೆಯಾಯಿತು. ಚಹಾ ಮಾಡುತ್ತೇನೆಂದು ಎದ್ದು ಅಡುಗೆಮನೆಗೆ ಹೊರಟೆ.

"ಎಲ್ಲಿ ಹೊಂಟಿ? ಕುಂಡ್ರವ್ವಾ. ಚಹಾ ಆಮ್ಯಾಲೆ ಕುಡದ್ರಾತು," ಎಂದಳು ಹಿಂದಿನಿಂದ. ನಾನು ನಕ್ಕು ಹೋಗಿಬಿಟ್ಟೆ.

ಕೆಲಸ ಮುಗಿಸಿ ಆಯಿ ತುರುಬಿಗೆ ಕೈ ಹಾಕಿದಾಗ ಆ ಕೈ ಹಿಡಿದುಕೊಂಡೆ. "ಬ್ಯಾಡ ಆಯಿ. ನಿಮ್ಮ ಮ್ಯಾಲೆ ನಮಗ ನಂಬಿಕಿ ಐತಿ."

ಆಯಿಯ ಮುಖ ಗಂಟಿಕ್ಕಿತು. "ನಂಬಬ್ಯಾಡ. ನೋಡು. ನಂಬಿಕಿ ಸಂಜಿಗೆ ಬದಲಾಗತೈತಿ, ನೋಡಿದ್ದು ಬದಲಾಗಂಗಿಲ್ಲ." ಅಷ್ಟರಲ್ಲಿ ಬಸ್ಸಿನ ಹೊತ್ತಾಯಿತು. ಗೊಣಗುತ್ತಲೇ ಹೋದಳು.

ಸಂಜೆ ಅತ್ತೆ ಎಣಿಸಿದರು. ಒಂದು ಗುಂಡು ಕಡಿಮೆ.

ಜಮಖಾನೆ ಕೊಡವಿದೆವು, ಬಚ್ಚಲಿನ ಜಾಲರಿ ತೆಗೆದು ನೋಡಿದೆವು. ಸಿಗಲಿಲ್ಲ. ಆಮೇಲೆ ನನ್ನ ತಲೆಯೊಳಗೇ ಹುಡುಕಾಟ ಶುರುವಾಯಿತು. ಆಯಿ ದಾರದ ತುದಿಯನ್ನು ಪದೇ ಪದೇ ತುಟಿಯಲ್ಲಿ ಒದ್ದೆ ಮಾಡಿಕೊಳ್ಳುತ್ತಿದ್ದಳಲ್ಲ? ಹೋಗುವಾಗ ಗೊಣಗಿದ್ದು ಸ್ಪಷ್ಟ ಕೇಳಿಸಲಿಲ್ಲ ಏಕೆ? ನಾಲಿಗೆಯ ಕೆಳಗೆ ಏನಾದರೂ ಇತ್ತೆ? ಬೆಳಿಗ್ಗೆ ನಂಬಿಕೆ ಎಂದವಳು ರಾತ್ರಿಯೊಳಗೆ ಆಕೆಯ ತುಟಿಯನ್ನೂ ಬಿಡದೆ ತಪಾಸಣೆ ಮಾಡಿಬಿಟ್ಟಿದ್ದೆ.

ಮುಂದಿನ ಸಂತೆಗೆ ಅತ್ತೆ ಬಾಗಿಲಲ್ಲೇ ಕೇಳಿದರು. ಆಯಿ ಅತ್ತೆಯ ಕಡೆ ನೋಡಲೇ ಇಲ್ಲ. "ನಿಮ್ಮ ಸೊಸಿ ಎದುರಿಗಿದ್ದಳಲ್ಲ. ಆಕೀನ್ನ ಕೇಳ್ರಿ."

ನಾನು ಆ ಹೆಬ್ಬೆರಳಿನ ಗೆರೆಯನ್ನು ನೋಡುತ್ತ ಹೇಳಿದೆ, "ನಾ ನೋಡಿಲ್ಲ."

ಅದು ನಿಜವೇ. ಆದರೆ ಅಷ್ಟು ಸಾಕಾಯಿತು. ಓಣಿಯ ಯಾವ ಮನೆಯೂ ಮತ್ತೆ ಆಕೆಯನ್ನು ಕರೆಯಲಿಲ್ಲ.

ಹನ್ನೆರಡು ವರ್ಷದ ಮೇಲೆ, ನಮ್ಮೂರಿನ ಕಲ್ಯಾಣಮಂಟಪವೊಂದರಲ್ಲಿ ಕೈಯಿಂದ ಮಾಡಿದ ಹೊಸ ಕಾಲದ ಆಭರಣಗಳ ಪ್ರದರ್ಶನ ಇಟ್ಟಿದ್ದರು. ತೊಡುವ ಕಲೆ ಎಂದು ಬರೆದಿತ್ತು. ಅತ್ತೆಯೂ ಬಂದರು. ಜೋಳದ ದಂಟಿನ ಬೆಂಡಿನಿಂದ ಮಾಡಿದ ಹಾರ, ಹಳೆಯ ಝಿಪ್ಪುಗಳ ಕಂಠಪಟ್ಟಿ, ಕೆಟ್ಟ ಫೋನಿನ ತಂತಿಯ ಬಳೆ.

"ಈ ದಂಟು ಕೊಳ್ಳಾಗ ಹಾಕ್ಕೊಂಡು ಹೊಂಟ್ರ ಎಮ್ಮಿ ಬೆನ್ನ ಹತ್ತತಾವು," ಎಂದರು ಅತ್ತೆ.

ಕೊನೆಯ ಮೇಜಿನ ಮೇಲೆ ಬರೀ ಗಂಟುಗಳಿಂದಲೇ ಮಾಡಿದ ಒಂದು ಕೆಂಪು ಹಾರ ಇತ್ತು. ಗಂಟುಗಳೆಲ್ಲ ಒಂದು ಬದಿಗೆ ಚಪ್ಪಟೆ. ಹುಣಸೆಬೀಜದಂತೆ. ಅದರ ನಡುವೆ ಒಂದೇ ಒಂದು ಹಳದಿ ಗುಂಡು ಹೊಳೆಯುತ್ತಿತ್ತು. ಅತ್ತೆ ಮುಂದೆ ಹೋಗುವವರೆಗೆ ಕಾದು, ಯಾರಿಗೂ ಕಾಣದಂತೆ ಅದನ್ನು ಉಗುರಿನಿಂದ ಕೆರೆದೆ.

"ಉಗುರಿಲೆ ಯಾಕ? ಕಚ್ಚಿ ನೋಡು. ಹಿತ್ತಾಳಿ ಐತಿ."

ತಿರುಗಿದರೆ ಆಯಿ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಪ್ರದರ್ಶನ ಇಟ್ಟ ಹುಡುಗಿ ಓಡಿ ಬಂದಳು. "ಇವರೇ ನನಗ ಗಂಟು ಕಲಿಸಿದವರು ರೀ. ಈಗ ಎಲ್ಲಾರ ಮುಂದ ಪೋಣಿಸಿ ತೋರಸ್ತಾರ." ಕುರ್ಚಿ ತಂದಳು. ಆಯಿ ಅದನ್ನು ಸರಿಸಿ, ನೆಲದ ಮೇಲೆ ಕೂತು, ಹೆಬ್ಬೆರಳಿಗೆ ದಾರ ಸಿಕ್ಕಿಸಿದಳು. ನೆರೆದವರ ನಡುವೆ ಅತ್ತೆಯನ್ನು ಹುಡುಕಿ ಕೈ ಚಾಚಿದಳು.

"ನಿಮ್ಮ ಸರದ ದಾರ ಸವದೈತಿ. ಕೊಡ್ರಿ."

ಅತ್ತೆಯ ಕೈ ಕೊರಳಿಗೆ ಹೋಗಿ ಅಲ್ಲೇ ಬಿಗಿಯಿತು. ಅದೇ ಬೋರಮಾಳ ಸರ. ಅಷ್ಟು ಜನರ ಮುಂದೆ ಒಲ್ಲೆ ಎನ್ನುವುದು ಹೇಗೆ? ಬಿಚ್ಚಿದರು, ಆಯಿಗೆ ಕೊಡಲಿಲ್ಲ, ನನ್ನ ಕೈಗಿಟ್ಟರು. "ಈ ಸಲ ಎದುರಿಗಿಂದ ಏಳಬ್ಯಾಡ," ಎಂದು ಕಿವಿಯಲ್ಲಿ ಹೇಳಿದರು.

ಆಯಿಯೂ ಅದನ್ನೇ ಹೇಳಿದಳು. "ಕುಂಡ್ರು. ಚಹಾದ ನೆನಪು ತಗೀಬ್ಯಾಡ."

ಕೂತೆ. ಜೀವನದಲ್ಲಿ ಯಾರನ್ನೂ ಹಾಗೆ ನೋಡಿಲ್ಲ. ತುಟಿಗೆ ಹೋದ ದಾರ, ಮರಳಿ ಬಂದ ದಾರ, ಬೆರಳ ಸಂದಿ, ಮಡಿಲು. ಆಯಿಯ ಕೈ ನಿಧಾನವಾಗಿತ್ತು, ಗಂಟು ಬದಲಾಗಿರಲಿಲ್ಲ. ಮುಗಿಸಿ ಆಯಿ ಎದ್ದಳು. ಬೆಳ್ಳಗಿನ ತುರುಬು ಬಿಚ್ಚಿದಳು, ಬಾಯಿ ತೆರೆದು ತೋರಿಸಿದಳು, ಸೆರಗು ಝಾಡಿಸಿದಳು. ಇದೂ ಪ್ರದರ್ಶನದ ಭಾಗವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ಆಯಿ ಅಲುಗಲಿಲ್ಲ. ನನ್ನನ್ನೇ ನೋಡುತ್ತ ನಿಂತಳು.

"ಎಲ್ಲಾ ಸರಿ ಐತಿ," ಎಂದೆ.

"ನಿಮ್ಮ ಅತ್ತೀಗೆ ಕೇಳಿಸಲಿಲ್ಲ."

"ನಾ ಎದುರಿಗಿ ಕುಂತು ನೋಡೇನಿ. ಎಲ್ಲಾ ಸರಿ ಐತಿ!" ಆಯಿಯ ಕಡೆ ತಿರುಗಿದೆ. "ಅವತ್ತ ನೋಡಲಾರದ್ದು ನಂದ ತಪ್ಪು."

ಆಯಿ ತುರುಬು ಕಟ್ಟಿಕೊಂಡು ಹೊಸ್ತಿಲು ದಾಟಿದಳು. ಮನೆಗೆ ಬರುವ ಆಟೋದಲ್ಲಿ ಅತ್ತೆ ಎರಡು ಸಲ ಗುಂಡು ಎಣಿಸಿದರು. "ಬರೋಬ್ಬರಿ ಐತಿ," ಎಂದರು, ನಿರಾಶೆಯಾದವರಂತೆ. ಸ್ವಲ್ಪ ದೂರ ಹೋದ ಮೇಲೆ, "ಸಂತಿಗೆ ಬಂದ್ರ ಮನೀಗೆ ಬಾ ಅನ್ನಬೇಕಿತ್ತು," ಎಂದರು.

ಆಯಿ ಮತ್ತೆ ಬರಲಿಲ್ಲ. ಯುಗಾದಿಗೆ ಮೊದಲೇ ತೀರಿಕೊಂಡಳೆಂದು ಪ್ರದರ್ಶನದ ಹುಡುಗಿ ಫೋನ್ ಮಾಡಿ ಹೇಳಿದಳು. ಆ ಗುಂಡು ಇವತ್ತಿಗೂ ಸಿಕ್ಕಿಲ್ಲ. ಎಲ್ಲಿ ಹೋಯಿತೆಂದು ಹೇಳಬಲ್ಲವಳು ಎದುರಿಗೆ ಕೂತು ನೋಡಬೇಕಾಗಿದ್ದ ನಾನೊಬ್ಬಳೇ; ಆಗ ನಾನು ಅಡುಗೆಮನೆಯಲ್ಲಿದ್ದೆ.

ಈಗ ಮನೆಗೆ ಯಾರೇ ಕೆಲಸಕ್ಕೆ ಬರಲಿ, ನಲ್ಲಿ ರಿಪೇರಿಗಾಗಲಿ, ಗಾದಿ ಹೊಲಿಯಲಾಗಲಿ, ಎದುರಿಗೆ ಕೂತು ಕಣ್ಣು ತೆಗೆಯದೆ ನೋಡುತ್ತೇನೆ. ಕೆಲವರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ. ಚಹಾ ಮೊದಲೇ ಮಾಡಿ ಪಕ್ಕದಲ್ಲಿ ಇಟ್ಟುಕೊಂಡಿರುತ್ತೇನೆ.