ಕರಟದ ದೀಪಕ್ಕೆ ಅತ್ತೆಯ ಎಣ್ಣೆ

ತಿಪಟೂರಿನಲ್ಲಿ ಓಡಬೇಕಾದರೆ ಒಂದು ಕಾರಣ ಬೇಕು. ರೈಲು ತಪ್ಪುತ್ತಿರಬೇಕು, ಇಲ್ಲವೇ ಹಸು ಹಗ್ಗ ಕಿತ್ತುಕೊಂಡಿರಬೇಕು. ನಮ್ಮ ಪಕ್ಕದ ಮನೆಯ ಜೀವಿತಾಗೆ ಎರಡೂ ಇಲ್ಲ. ಸುಮ್ಮನೆ ಓಡುತ್ತಾಳೆ!

ಕಾಲೇಜಿನಲ್ಲಿ ಖೊಖೊ ಆಡಿದ ಕಾಲು ಅದು. ಮಗ ಉಜ್ವಲ್ ಹುಟ್ಟಿದ ಮೇಲೆ ಆ ಕಾಲಿಗೆ ಅಡುಗೆಮನೆಯಿಂದ ಹಜಾರದವರೆಗಿನ ದಾರಿಯಷ್ಟೇ ಉಳಿಯಿತು. ಗಂಡ ದಯಾನಂದ್ ಕೊಬ್ಬರಿ ಅಂಗಡಿಯಿಂದ ಬರುವುದು ಕತ್ತಲಾದ ಮೇಲೆ. ಅತ್ತೆ ದ್ರಾಕ್ಷಾಯಣಮ್ಮನಿಗೆ ಮಂಡಿನೋವು, ಮಗುವನ್ನು ಹಿಡಿಯಲಾಗದು. ಹಾಗಾಗಿ ಸಂಜೆ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ತೋಟದ ರಸ್ತೆಯಲ್ಲಿ ಓಡುತ್ತೇನೆ ಎಂದಳು.

"ದೀಪ ಹಚ್ಚೋ ಹೊತ್ನಲ್ಲಿ ಮಗೀನ ಆಚೆಗೆ ಕರ್ಕಂಡ್ ಹೋಯ್ತೀಯಾ? ಕಾಯಿ ತುಂಬ್ಕಂಡ್ ಬರೋ ಲಾರಿಯೋನಿಗೆ ನೀನು ಕಾಣ್ತೀಯೇನೇ?" ಎಂದರು ಅತ್ತೆ.

ಲಾರಿಯ ಮಾತು ನ್ಯಾಯವಾಗಿತ್ತು. ಜೀವಿತಾ ಔಷಧಿ ಹೊಡೆಯುವ ಹಳೇ ಪಂಪಿನ ಬ್ಯಾಟರಿಯನ್ನು ಗಾಡಿಯ ತಳಕ್ಕೆ ಕಟ್ಟಿದಳು. ಎರಡು ತೆಂಗಿನ ಕರಟ ಉಜ್ಜಿ, ಬೈಕಿಗೆ ಹಾಕುವ ಬಲ್ಬುಗಳನ್ನು ಒಳಗಿಟ್ಟು, ಮುಂದೆ ಬಿಳಿ, ಹಿಂದೆ ಕೆಂಪು ಮಾಡಿದಳು. ಮುಂದಿನ ಕರಟದೊಳಗೇ ಸ್ವಿಚ್ಚು.

"ದೀಪ ಹಚ್ಚೋ ಹೊತ್ತು ಅಂದ್ರಲ್ಲ ಅತ್ತೆ. ತಗೊಳ್ಳಿ, ನೀವೇ ಹಚ್ಚಿ ಕಳ್ಸಿ. ದೀಪದ ಜೊತೇಲೇ ಹೋಗ್ತೀವಿ."

ಅತ್ತೆ ಸಿಕ್ಕಿಬಿದ್ದರು. ಆದರೂ ಬಿಟ್ಟುಕೊಡುವ ಹೆಂಗಸಲ್ಲ. "ಆಯ್ತು. ಅದೇನಾರ ದಾರೀಲಿ ಶಾಂತ ಆದ್ರೆ, ಅವತ್ತಿಗೇ ನಿನ್ನ ಓಟ ಮುಗೀತು." ದೀಪ 'ಆರಿತು' ಎಂದು ಆ ಮನೆಯಲ್ಲಿ ಯಾರೂ ಅನ್ನಕೂಡದು, 'ಶಾಂತವಾಯಿತು' ಅನ್ನಬೇಕು.

ಅಂದಿನಿಂದ ದಿನಾ ಸಂಜೆ ಅತ್ತೆ ಕರಟಕ್ಕೆ ವಿಭೂತಿ ಹಚ್ಚಿ, ಗಾಡಿಯ ಮೇಲೆ ಬಗ್ಗಿ ಏನೋ ಮಾಡಿ, ಸ್ವಿಚ್ಚು ಒತ್ತಿ ಕಳಿಸುತ್ತಿದ್ದರು. ಸೊಸೆ ಬರುವವರೆಗೂ ಬಾಗಿಲಲ್ಲೇ ನಿಲ್ಲುತ್ತಿದ್ದರು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವುದು ಅಂದರೆ ಅದೇ. ಅಷ್ಟು ಯಾಕೆ ಓಡ್ತೀಯಾ ಎಂದು ಒಮ್ಮೆ ನಾನೇ ಜೀವಿತಾಳನ್ನು ಕೇಳಿದೆ.

"ಓಡೋವಾಗ ಮಾತ್ರ ನಾನು ಜೀವಿತಾ, ಆಂಟಿ. ಮಿಕ್ಕ ಹೊತ್ತೆಲ್ಲಾ ಉಜ್ವಲ್ ಅಮ್ಮ" ಎಂದಳು.

ಒಂದು ಸಂಜೆ ಅವಳು ಓಡುತ್ತಾ ಬರಲಿಲ್ಲ. ಕತ್ತಲಲ್ಲಿ ಗಾಡಿ ತಳ್ಳಿಕೊಂಡು, ಮುಖ ಇಳಿಬಿಟ್ಟುಕೊಂಡು ನಡೆದು ಬಂದಳು.

"ಶಾಂತ ಆಯ್ತು ಅತ್ತೆ."

"ನಾನೇನಂದಿದ್ದೆ?"

ನನಗೆ ತಡೆಯುತ್ತದೆಯೇ? ಟಾರ್ಚು ಹಿಡಿದು ಹೋದೆ. ಜೀವಿತಾ ಕರಟದೊಳಗೆ ಬೆರಳಿಟ್ಟಳು, ಜಾರಿತು. ಮೂಸಿದಳು. ಕೊಬ್ಬರಿ ಎಣ್ಣೆ!

"ಸ್ವಿಚ್ಚಿಗೆ ಎಣ್ಣೆ ಯಾರು ಹಾಕಿದ್ದು?"

ದ್ರಾಕ್ಷಾಯಣಮ್ಮ ಸೆರಗು ಸರಿಮಾಡಿಕೊಂಡರು. "ಎಣ್ಣೆ ಇಲ್ದೆ ದೀಪ ಹಚ್ಚಕಾಯ್ತದೇನೇ? ದಿನಾ ಒಂದೊಂದ್ ಹನಿ, ಶಾಸ್ತ್ರಕ್ಕೆ."

ಕಣ್ಣಿಗೆ ಬಿಟ್ಟುಕೊಂಡಿದ್ದು ಸಾಲದೆ ಸ್ವಿಚ್ಚಿಗೂ ಬಿಟ್ಟಿದ್ದರು. ನಾನು ಬಿದ್ದು ಬಿದ್ದು ನಕ್ಕೆ.

"ನೀನ್ ನಗ್ಬೇಡ ಶಿವರುದ್ರಮ್ಮ. ಇವ್ರಿಬ್ರೂ ಕ್ಷೇಮವಾಗಿ ಬರ್ಲಿ ಅಂತ ಹಾಕ್ದೆ. ಇನ್ಯಾತಕ್ಕೆ?"

ಜೀವಿತಾಗೆ ನಗುವೂ ಬಂತು, ಅಳುವೂ ಬಂತು. "ಹಂಗಾದ್ರೆ ನನ್ನ ಓಟ ಮುಗೀತಾ ಅತ್ತೆ?"

ಅತ್ತೆ ಪಂಚಾಯ್ತಿ ಯಜಮಾನರಂತೆ ಗಂಟಲು ಸರಿಮಾಡಿಕೊಂಡರು. "ಎಣ್ಣೆ ತೀರಿ ಶಾಂತ ಆದ್ರೆ ಮುಗೀತು ಅಂದಿದ್ದು ಕಣೇ. ಎಣ್ಣೆ ಹೆಚ್ಚಾಗಿ ಆದ್ರೆ ಅದು ಲೆಕ್ಕಕ್ಕಿಲ್ಲ ಬುಡು."

ಮಾರನೆಯ ಸಂಜೆ ಹೊಸ ಸ್ವಿಚ್ಚು ಬಂತು. ಅತ್ತೆ ವಿಭೂತಿ ಹಚ್ಚಿ ದೀಪ ಬೆಳಗಿಸಿದರು. ಕೈಯಲ್ಲಿ ಎಣ್ಣೆ ಬಟ್ಟಲು ಕಂಡು ಜೀವಿತಾ ಕಿರುಚುವಷ್ಟರಲ್ಲಿ, ಮಂಡಿನೋವು ಮರೆತು ಕುಕ್ಕರುಗಾಲಲ್ಲಿ ಕೂತು, ಕಿರ್ರೋ ಅನ್ನುತ್ತಿದ್ದ ಚಕ್ರಕ್ಕೆ ಒಂದು ಹನಿ ಬಿಟ್ಟರು.

"ಶಾಸ್ತ್ರ ಬುಡಕಾಗಲ್ಲ. ಈಗ ಓಡು ಜೀವಿತಾ, ನೋಡಾನ."