ಮೂಗಿನಕ್ಕನ ಮಣೆ

ಶೆಡ್ಡಿನಲ್ಲಿ ಎಲ್ಲರೂ ಅವಳನ್ನು ಮೂಗಿನಕ್ಕ ಎಂದೇ ಕರೆಯುತ್ತಿದ್ದರು. ಕೋಪ ಸದಾ ಮೂಗಿನ ತುದಿಯಲ್ಲೇ ಇರುತ್ತಿತ್ತು ಎನ್ನುವುದು ನಿಜ. ಆದರೆ ಹೆಸರು ಬಂದದ್ದು ಕೆಲಸದಿಂದ. ಏನು ಕೇಳಿದರೂ ಪಟಪಟನೆ ಉತ್ತರ ಕೊಡುವ ಕೃತಕ ಬುದ್ಧಿಯ ಯಂತ್ರಗಳಿವೆಯಲ್ಲ, ಅವು ಎಲ್ಲೋ ತಣ್ಣನೆಯ ಹಜಾರಗಳಲ್ಲಿ ಹಗಲಿರುಳು ದುಡಿದು, ಹೊಸವು ಬಂದ ಕೂಡಲೇ ಬೇಡವಾಗಿ, ಲಾರಿಗಟ್ಟಲೆ ಈ ಶೆಡ್ಡಿಗೆ ಬಂದು ಬೀಳುತ್ತಿದ್ದವು. ಗಂಡಸರು ಒಡೆದು ತಾಮ್ರ ಬೇರೆ, ಪ್ಲಾಸ್ಟಿಕ್ ಬೇರೆ ಮಾಡುವರು. ನೋಡಲು ಪ್ಲಾಸ್ಟಿಕ್ಕೆಲ್ಲ ಒಂದೇ. ಮೂಗಿನಕ್ಕ ಮಣೆಯ ಮೇಲೆ ಕೂತು, ಚೂರಿನ ಅಂಚಿಗೆ ಲೈಟರ್ ಹಿಡಿದು, ಹೊಗೆ ಮೂಸಿ, ಯಾವುದು ಯಾವ ಚೀಲಕ್ಕೆ ಎಂದು ಹೇಳಬೇಕು. ಅಷ್ಟು ಬುದ್ಧಿವಂತ ಯಂತ್ರಗಳ ಗತಿ ಕಡೆಗೆ ಒಬ್ಬ ಹೆಂಗಸಿನ ಮೂಗಿನ ಪಾಲು.

ಒಂದು ನೆಗಡಿ ಬಂತು, ಹೋಯಿತು; ವಾಸನೆ ಮಾತ್ರ ಮರಳಲಿಲ್ಲ. ಪಾಪ, ಅದು ನೆಗಡಿಯ ತಪ್ಪಲ್ಲ. ಮುಂಚೆ ಅದೇ ಮಣೆಯ ಮೇಲೆ ಕೂರುತ್ತಿದ್ದ ಅವಳ ಅತ್ತೆಗೂ ಹೀಗೇ ಆಗಿತ್ತು. ಒಲೆಯ ಮೇಲೆ ಹಾಲು ಸೀದರೂ ತಿಳಿಯದಾದಾಗ ಮೂಗಿನಕ್ಕನಿಗೆ ಅದು ಖಾತ್ರಿಯಾಯಿತು. ಅಂದಾಜಿನ ಮೇಲೆ ಚೀಲ ತುಂಬಿದಳು. ಒಂದು ದಿನ ತಪ್ಪು ಚೂರುಗಳು ಸೇರಿ ಕರಗಿಸಿದ್ದೆಲ್ಲ ಹಾಳಾಯಿತು.

"ಇನ್ನೊಂದ್ಸಲ ಹೀಗಾದ್ರೆ ಮಣೆನೂ ಬಿಡು, ರೂಮೂ ಬಿಡು," ಎಂದ ಸಾಹುಕಾರ. ಶೆಡ್ಡಿನ ಹಿಂದಿನ ಆ ರೂಮು ಬಿಟ್ಟರೆ ತಾಯಿ ಮಗಳಿಗೆ ಬೇರೆ ಸೂರಿರಲಿಲ್ಲ.

ಮಗಳನ್ನು ಈ ಹೊಗೆಗೆ ತರಬಾರದೆಂಬುದೊಂದೇ ಅವಳ ಹಟ. ಅದಕ್ಕೇ ಹೊಲಿಗೆ ಅಂಗಡಿಗೆ ಹಾಕಿದ್ದಳು. ಆದರೆ ವಿಷಯ ತಿಳಿದದ್ದೇ ತಡ, ಮಗಳೇ ಉಪಾಯ ಹೂಡಿದಳು.

"ನಾಲ್ಕು ದಿನ ಪಕ್ಕದಲ್ಲಿ ಕೂತಿರ್ತೀನಮ್ಮ. ಮೇಣದ ವಾಸನೆಗೆ ನಿನ್ನ ಮಂಡಿ ಒಂದ್ಸಲ ಮುಟ್ತೀನಿ, ಹುಳಿ ಘಾಟಿಗೆ ಎರಡ್ಸಲ. ಹೇಳೋಳು ನೀನೇ."

"ನಾಲ್ಕೇ ದಿನ ಕಣೇ," ಎಂದಳು ತಾಯಿ. ಐದನೆಯ ದಿನ ಏನು ಮಾಡುವುದೆಂದು ಇಬ್ಬರೂ ಯೋಚಿಸಲಿಲ್ಲ.

ಚೀಲಗಳು ಸರಿಯಾದವು. ಸಾಹುಕಾರನ ಕಣ್ಣಿಗೆ ಮಣ್ಣೆರಚಿದೆವೆಂದು ಇಬ್ಬರೂ ಒಳಗೊಳಗೇ ನಕ್ಕರು. ಅವನೇನು ಕಿವಿಯಲ್ಲಿ ಹೂವಿಟ್ಟುಕೊಂಡವನೇ? ಒಂದು ಮಧ್ಯಾಹ್ನ ಬಂದು ಮುಂದೆ ನಿಂತ.

"ನಿನಗಿಂತ ಮಗಳ ಮೂಗೇ ಚುರುಕು ಕಣಮ್ಮ. ನಾಳೆಯಿಂದ ಮಣೆ ಅವಳಿಗೆ. ನೀನು ಕಸ ಗುಡಿಸು."

"ಅವಳು ಬೇಡ ಸಾಹುಕಾರ್ರೇ. ಅವಳಿಗೆ ಹೊಲಿಗೆ ಕೆಲಸ ಇದೆ."

"ಹಾಗಾದ್ರೆ ರೂಮು ಖಾಲಿ ಮಾಡಿ. ಕೈ ಹಿಡಿದು ಎಳೀತಿದೀನಾ ನಾನು?"

ಅತ್ತ ದರಿ, ಇತ್ತ ಪುಲಿ. ಊರಿಗೆಲ್ಲ ಬೈಯುತ್ತಿದ್ದವಳು ಲೈಟರನ್ನು ಮಣೆಯ ಮೇಲಿಟ್ಟು ಎದ್ದಳು. ತನ್ನ ಮೇಲೇ ಹೇಸಿಗೆಯಾಯಿತು ಅವಳಿಗೆ. ಮರುದಿನ ಮಗಳು ಮಣೆಯ ಮೇಲೆ ಕೂತಳು. ತಾಯಿ ಅವಳ ಸುತ್ತ ಬೂದಿ ಗುಡಿಸಿದಳು. ಬೇರೆ ಮನೆ ಸಿಕ್ಕ ಕೂಡಲೇ ಬಿಡಿಸುತ್ತೇನೆ ಎಂದು ದಿನಾ ಹೇಳುತ್ತಿದ್ದಳು. ಮಗಳು ಹೂಂ ಎನ್ನುತ್ತಿದ್ದಳು.

ಹಾಗೇ ಒಂದು ವರ್ಷ ಕಳೆಯಿತು. ಒಂದು ಸಂಜೆ ಕೆಲಸ ಮುಗಿಸಿ, ಅದೇ ಬಟ್ಟೆಯಲ್ಲಿ, ಇಬ್ಬರೂ ಬಸ್ಸು ಹತ್ತಿ ಖಾಲಿ ಮನೆಯೊಂದನ್ನು ನೋಡಲು ಹೊರಟಿದ್ದರು. ಎದುರಿನ ಹೆಂಗಸು ಕರವಸ್ತ್ರದಿಂದ ಮೂಗು ಮುಚ್ಚಿಕೊಂಡು ಎದ್ದು ಬೇರೆ ಸೀಟಿಗೆ ಹೋದಳು. ಮೂಗಿನಕ್ಕನಿಗೆ ಅರ್ಥವಾಯಿತು; ಶೆಡ್ಡಿನ ಹೊಗೆಯ ವಾಸನೆ ತಮ್ಮಿಬ್ಬರ ಮೈಯಿಂದ ಬಡಿಯುತ್ತಿರಬೇಕು. ನಾಚಿಕೆಯಿಂದ ಕಿಟಕಿಯ ಕಡೆ ತಿರುಗಿದಳು.

ಮಗಳು ತನ್ನ ತೋಳನ್ನು ಎತ್ತಿ ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಅಮ್ಮ, ಅವರು ಯಾಕೆ ಮೂಗು ಮುಚ್ಕೊಂಡ್ರು?" ಎಂದು ಕೇಳಿದಳು. "ಇಲ್ಲೇನೂ ವಾಸನೆ ಇಲ್ವಲ್ಲ."