ಅವಳ ಮಾತು, ನನ್ನ ಇಂಗ್ಲಿಷು

ಸಮುದ್ರಕ್ಕೆ ಯಾವ ಸೀರೆ ಉಡಬೇಕು ಎಂಬುದು ನೀವು ಅಂದುಕೊಂಡಷ್ಟು ಸಣ್ಣ ಪ್ರಶ್ನೆಯಲ್ಲ. ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯೊಂದರಲ್ಲಿ, ಬಿಳಿ ಹಾಸಿನ ಮೇಲೆ ಕಾಲು ಮಡಚಿ ಕೂತ ನನ್ನ ಹೆಂಡತಿ ಗಂಗಾಂಬಿಕೆ ಒಂದಿಡೀ ಮಧ್ಯಾಹ್ನವನ್ನು ಅದಕ್ಕೆ ಮೀಸಲಿಟ್ಟಳು. ರೇಷ್ಮೆಗೆ ಉಪ್ಪುನೀರು ಆಗದು, ನೈಲಾನು ಗಾಳಿಗೆ ನಿಲ್ಲದು, ಹತ್ತಿ ಒದ್ದೆಯಾದರೆ ಬೇಗ ಒಣಗದು. ಎದುರಿಗೆ ಸೀರೆಗಳ ಗುಡ್ಡೆ ಬೆಳೆಯುತ್ತಿದ್ದಂತೆ, ನಮ್ಮನ್ನು ವರ್ಷಗಳಿಂದ ಬಲ್ಲ ಅಂಗಡಿಯವರು ತಡೆಯಲಾರದೆ ಕೇಳಿದರು:

"ಎಲ್ಲಿಗಮ್ಮ ಪ್ರಯಾಣ? ಗೋಕರ್ಣಕ್ಕಾ?"

"ಅದೇ ದಿಕ್ಕು. ಇನ್ನೂ ಸ್ವಲ್ಪ ಮುಂದೆ," ಎಂದಳು ಗಂಗಾ, ಸೆರಗಿನ ಅಂಚು ನೋಡುತ್ತಲೇ.

ಆ 'ಸ್ವಲ್ಪ ಮುಂದೆ' ಎಂಬುದು ಬಾರ್ಬಡೋಸ್ ಆಗಿತ್ತು. ಕ್ರಿಕೆಟ್ ಕಾಮೆಂಟರಿಯ ಕಾಲದಲ್ಲಿ ರೇಡಿಯೋಗೆ ಕಿವಿ ಹಚ್ಚಿ ನಾನು ಕೇಳಿದ್ದ ಹೆಸರು. ಕೆರಿಬಿಯನ್ ಕಡಲಿನ ಆ ದ್ವೀಪದ ಐಷಾರಾಮಿ ರೆಸಾರ್ಟೊಂದರಲ್ಲಿ ದಂಪತಿಗಳಿಗೆ ಐದು ದಿನದ ವಾಸ. ವಿಮಾನ, ಊಟ, ಉಪಚಾರ ಎಲ್ಲವೂ ವಿಮಾ ಕಂಪನಿಯದು. ದೇಶದ ನೂರು ಮಂದಿ ಅತ್ಯುತ್ತಮ ಏಜೆಂಟರಿಗೆ ಆ ವರ್ಷ ಸಿಕ್ಕ ಬಹುಮಾನ ಅದು. ಆ ನೂರರಲ್ಲಿ ನನ್ನ ಹೆಂಡತಿ ಒಬ್ಬಳು. ನಾನು ಅವಳ ಸಾಮಾನಿನ ಜೊತೆಗೆ ಹೋದವನು.

ಈ ಮಾತನ್ನು ಈಗ ಸಲೀಸಾಗಿ ಬರೆಯುತ್ತೇನೆ. ಆಗ ಇಷ್ಟು ಸಲೀಸಾಗಿ ಬಾಯಿಗೆ ಬರುತ್ತಿರಲಿಲ್ಲ.

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ನಾನು ಗುಮಾಸ್ತನಾಗಿದ್ದೆ. ಯಾರು ಯಾವ ಪಾಳಿಗೆ ಬಂದರು, ಯಾರು ತಡವಾಗಿ ಬಂದರು ಎಂದು ಬರೆದಿಡುವುದು ನನ್ನ ಕಸುಬು. ತೊಂಬತ್ತರ ದಶಕದ ಮೊದಲಲ್ಲಿ, ಮಕ್ಕಳಿಬ್ಬರೂ ಶಾಲೆಗೆ ಹೋಗತೊಡಗಿದ ಮೇಲೆ, ಗಂಗಾ ವಿಮೆಯ ಏಜೆನ್ಸಿ ತೆಗೆದುಕೊಂಡಳು. ನಮ್ಮ ಕಡೆ ಆಗ ಒಂದು ರೂಢಿಯಿತ್ತು. ನೌಕರಿಯಲ್ಲಿರುವವರು ಬೇರೆ ವ್ಯವಹಾರ ಮಾಡುವಂತಿಲ್ಲವಾದ್ದರಿಂದ ಗಂಡಸರು ಹೆಂಡತಿಯ ಹೆಸರಿನಲ್ಲಿ ಏಜೆನ್ಸಿ ಪಡೆದು, ಊರೆಲ್ಲ ತಾವೇ ತಿರುಗಿ, ಸಹಿಗೆ ಮಾತ್ರ ಅವರನ್ನು ಅಡುಗೆಮನೆಯಿಂದ ಹೊರಗೆ ಕರೆಯುತ್ತಿದ್ದರು. ಆದ್ದರಿಂದ ಗಂಗಾಂಬಿಕೆ ಏಜೆಂಟ್ ಎಂದರೆ ಟೈಮ್ ಆಫೀಸಿನವನು ಏಜೆಂಟ್ ಎಂದೇ ಎಲ್ಲರೂ ತಿಳಿದರು. ನಮ್ಮ ಮನೆಯಲ್ಲಿ ನಡೆದದ್ದು ಇದಕ್ಕೆ ತೀರಾ ತಿರುಗಾಮುರುಗಾ. ಪಾಳಿ ಮುಗಿದ ಮೇಲೆ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ, ಅವಳು ಯಾರದೋ ಮನೆಯೊಳಗೆ ಮಾತಾಡುವಷ್ಟು ಹೊತ್ತು ಹೊರಗೆ ಬೇವಿನ ಮರದ ಕೆಳಗೆ ಪೇಪರ್ ಓದುತ್ತ ನಿಲ್ಲುವುದು, ಇದಿಷ್ಟೇ ಆ ವ್ಯಾಪಾರದಲ್ಲಿ ನನ್ನ ಪಾಲು. ಆದರೂ ಕ್ಯಾಂಟೀನಿನಲ್ಲಿ ಯಾರಾದರೂ ಬೆನ್ನು ತಟ್ಟಿ, "ಜೋರಾಗಿದೆಯಂತಲ್ಲ ನಿಮ್ಮ ವ್ಯಾಪಾರ" ಎಂದರೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ಸುಳ್ಳನ್ನು ಬಾಯಿಬಿಟ್ಟೇ ಹೇಳಬೇಕೆಂದೇನೂ ಇಲ್ಲ. ತಕ್ಕ ಹೊತ್ತಿನಲ್ಲಿ ನಕ್ಕರೂ ಸಾಕು.

ವರ್ಷಗಳು ಕಳೆದವು. ನಾವು ಶಿವಮೊಗ್ಗದ ರವೀಂದ್ರನಗರಕ್ಕೆ ಮನೆ ಬದಲಿಸಿದೆವು, ಗಂಗಾಳ ಕೂದಲು ಅಲ್ಲಲ್ಲಿ ಬೆಳ್ಳಗಾಯಿತು, ಎರಡು ಸಾವಿರದ ಇಸವಿ ದಾಟಿತು. ನನ್ನ ಆ ನಗು ಮಾತ್ರ ಹಾಗೆಯೇ ಉಳಿದಿತ್ತು.

ರೆಸಾರ್ಟ್ ತಲುಪಿದಾಗ ನಮಗೆ ಹಗಲು ಯಾವುದು ಇರುಳು ಯಾವುದು ಎಂಬುದೇ ಮರೆತಿತ್ತು. ಮಂಚದ ಮೇಲೆ ಟವೆಲಿನಲ್ಲಿ ಮಡಚಿದ ಎರಡು ಹಂಸಗಳು ಕತ್ತು ಕೂಡಿಸಿಕೊಂಡು ಕೂತಿದ್ದವು. ಅವನ್ನು ಬಿಚ್ಚಲು ಮನಸ್ಸು ಬಾರದೆ ಗಂಗಾ ಮೊದಲ ದಿನ ನಾವು ತಂದಿದ್ದ ಚೌಕದಲ್ಲೇ ಮೈ ಒರೆಸಿಕೊಂಡಳು. ಬಾಲ್ಕನಿಯ ಬಾಗಿಲು ಸರಿಸಿದರೆ ಕಡಲು. ನಮ್ಮ ಕರಾವಳಿಯ ಕಡಲಿಗೆ ಒಂದು ದುಡಿಮೆಯ ಚಹರೆಯಿದೆ, ಮೀನಿನ ವಾಸನೆಯಿದೆ. ಈ ಕಡಲಾದರೋ ಇಸ್ತ್ರಿ ಮಾಡಿ ಹರಡಿದ ಹಾಗೆ, ದಡದಲ್ಲಿ ತಿಳಿಹಸಿರು, ಆಚೆಗೆ ನೀಲಿ, ಇನ್ನೂ ಆಚೆಗೆ ನವಿಲುಗತ್ತಿನ ಬಣ್ಣ. ಸಂಜೆಯಾದರೆ ಅಂಗಳದಲ್ಲಿ ನಾಲ್ಕು ಜನ ಉಕ್ಕಿನ ಪೀಪಾಯಿಗಳ ತಳವನ್ನು ಬಡಿದು ಬಟ್ಟಲು ಮಾಡಿಕೊಂಡ ವಾದ್ಯ ನುಡಿಸುತ್ತಿದ್ದರು. ಉಕ್ಕಿನ ಊರಿನವನು ನಾನು, ಉಕ್ಕು ಕೂಗುವುದನ್ನು, ಗುಡುಗುವುದನ್ನು ಬಲ್ಲೆ. ಅದು ಇಷ್ಟು ನಯವಾಗಿ ಹಾಡಬಲ್ಲದು ಎಂದು ಗೊತ್ತಿರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ, ದಡದ ಕೊಡೆಯೊಂದರ ಕೆಳಗೆ ದಾವಣಗೆರೆಯ ವಿರೂಪಾಕ್ಷಪ್ಪನವರು ಸಿಕ್ಕರು. ಅವರ ಹೆಂಡತಿ ಲಲಿತಮ್ಮನವರೂ ಬಹುಮಾನಿತ ಏಜೆಂಟರು. ವಿರೂಪಾಕ್ಷಪ್ಪನವರು ಎಳನೀರು ಹೀರಿ, ನನ್ನ ಕಡೆ ಒಂದು ಕಣ್ಣು ಮಿಟುಕಿಸಿದರು.

"ಹೆಸರು ಅವರದು, ಓಡಾಟ ನಮ್ಮದು. ಹೌದಲ್ರೀ? ನಮ್ಮಾಕಿಗಂತೂ ಫಾರಂ ಯಾವ ಬಣ್ಣದ್ದು ಅನ್ನೋದೂ ಗೊತ್ತಿಲ್ಲ ನೋಡ್ರೀ. ನಿಮ್ಮ ಅನುಭವ ಹೇಳ್ರಿ, ಕಷ್ಟದ ಗಿರಾಕಿ ಯಾರನ್ನ ಹಿಡದ್ರಿ?"

ಎಂದಿನಂತೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಆ ಗಾಳಿ, ಆ ಎಳನೀರು, ಆ ಪುಕ್ಕಟೆ ವೈಭವ ನನ್ನ ನಾಲಿಗೆಯನ್ನು ಸಡಿಲಿಸಿದವು. ನಾನು ಫೌಂಡ್ರಿಯ ಮುರುಗೇಶನ ಕಥೆ ಹೇಳಿದೆ.

ನಿಜಕ್ಕೂ ನಡೆದದ್ದು ಇಷ್ಟು. ಮುರುಗೇಶ್ ನಮ್ಮ ಕಾರ್ಖಾನೆಯ ಕೆಲಸಗಾರ. ವಿಮೆ ಎಂದ ಕೂಡಲೇ ಸಿಡುಕುತ್ತಿದ್ದ. "ನನ್ ಸಾವಿನ್ ಮಾತು ನನ್ ಮನೇಲೇ ಆಡ್ಬೇಡಿ ಮೇಡಂ" ಎಂದು ಗಂಗಾಳನ್ನು ಬಾಗಿಲಿನಿಂದಲೇ ಕಳಿಸಿದ್ದ. ಗಂಗಾ ಮತ್ತೆ ವಿಮೆಯ ಮಾತೆತ್ತಲಿಲ್ಲ. ಅವನ ಹೆಂಡತಿ ಸೆಲ್ವಿಯ ಹತ್ತಿರ ತಮಿಳರ ಚಕ್ಕುಲಿಯಾದ ಮುರುಕ್ಕು ಮಾಡುವುದನ್ನು ಕಲಿಸಿಕೊಡು ಎಂದಳು. ಶನಿವಾರ ಶನಿವಾರ ಹೋಗಿ ಹಿಟ್ಟು ನಾದಿದಳು, ಎಣ್ಣೆಯ ಹದ ಕಲಿತಳು, ಜೊತೆಗೆ ತಮಿಳೂ ಕಲಿತಳು. ವರ್ಷ ಕಳೆದ ಮೇಲೆ ಒಂದು ಶನಿವಾರ ಮುರುಗೇಶನೇ ಒಲೆಯ ಹತ್ತಿರ ಬಂದು ಕೂತು, "ಆ ಕಾಗ್ದ ಎಲ್ಲಿದೆ, ಕೊಡಿ ಮೇಡಂ" ಎಂದಿದ್ದ.

ವಿರೂಪಾಕ್ಷಪ್ಪನವರಿಗೆ ಹೇಳುವಾಗ ಗಂಗಾ ಇದ್ದ ಜಾಗದಲ್ಲೆಲ್ಲ ನಾನು ಬಂದೆ. ಮೀಸೆ ಹೊತ್ತ ಗಂಡಸು ಮುರುಕ್ಕು ಕಲಿಯಲು ಹೋದೆ ಎಂದರೆ ನಂಬಿಗೆ ಬಾರದೆಂದು, ಶನಿವಾರ ಶನಿವಾರ ಮುರುಗೇಶನ ಜೊತೆ ಇಸ್ಪೀಟು ಆಡಿದೆ ಎಂದು ತಿದ್ದಿದೆ. ವಿರೂಪಾಕ್ಷಪ್ಪನವರು ತೊಡೆ ತಟ್ಟಿ ಮೆಚ್ಚಿದರು. ಮೆಚ್ಚುಗೆಯ ಬಿಸಿಯಲ್ಲಿ ತಿರುಗಿ ನೋಡಿದರೆ, ಕೊಡೆಯ ಹಿಂದೆ ಹಣ್ಣಿನ ತಟ್ಟೆ ಹಿಡಿದು ಗಂಗಾ ನಿಂತಿದ್ದಳು.

ಅವರು ಎದ್ದು ಹೋಗುವವರೆಗೂ ಅವಳು ಕಾದಳು. ಆಮೇಲೆ ತಟ್ಟೆಯನ್ನು ಮರಳಿನ ಮೇಲೆ ಇಟ್ಟಳು.

"ಯಾವತ್ರೀ ಇಸ್ಪೀಟು ಆಡಿದ್ದು ನೀವು?"

"ಏನೋ ಮಾತಿಗೆ ಮಾತು ಬಂತು ಮಾರಾಯ್ತಿ. ಅವ್ರೇನು ನಮ್ಮೂರಿಗೆ ಬಂದು ವಿಚಾರಿಸ್ತಾರಾ?"

"ಊರಲ್ಲಿ ಜನ ತಪ್ಪು ತಿಳ್ಕೊಂಡಾಗೆಲ್ಲ ನೀವು ಸುಮ್ಮನಿರ್ತಿದ್ರಿ. ನಂಗೆ ಗೊತ್ತಿತ್ತು. ಹೋಗ್ಲಿ, ಗಂಡಸರ ಮಧ್ಯೆ ಇರೋರು ಅಂತ ಬಿಟ್ಟೆ." ಅವಳ ಧ್ವನಿ ಏರಲಿಲ್ಲ; ಏರಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. "ಇಷ್ಟು ದೂರ ಬಂದಿದ್ದು ನನ್ನ ಕೆಲಸ ಕರ್ಕೊಂಡು ಬಂತು ಅಂತ. ಇಲ್ಲೂ ಅದು ನನ್ನದಲ್ವಾ?"

ಅವಳು ನೀರಿನ ಅಂಚಿನಲ್ಲಿ ನಡೆಯುತ್ತ ದೂರ ಹೋದಳು. ಪ್ರಪಂಚದ ಅತಿ ಸುಂದರವಾದ ದಡದಲ್ಲಿ, ಎರಡು ಆರಾಮಕುರ್ಚಿಗಳ ನಡುವೆ, ಹೆಂಡತಿಯ ಎದುರು ಸಣ್ಣವನಾಗಿ ನಾನು ಕೂತಿದ್ದೆ. ಸ್ವರ್ಗದಲ್ಲಿದ್ದು ತಪ್ಪಿತಸ್ಥನಾಗಿರುವುದಕ್ಕಿಂತ ಟೈಮ್ ಆಫೀಸಿನ ಮುರುಕು ಸ್ಟೂಲೇ ವಾಸಿ. ಆ ದಿನವೂ ಮರುದಿನವೂ ನಾವು ಊಟ, ತಿಂಡಿ, ಸ್ನಾನದ ಬಿಸಿನೀರು ಇಷ್ಟರ ಬಗ್ಗೆ ಮಾತ್ರ ಮಾತಾಡಿದೆವು.

ನಾಲ್ಕನೆಯ ದಿನ ಸಂಜೆ ಸನ್ಮಾನ. ಕಡಲಿಗೆ ಮುಖ ಮಾಡಿದ ವೇದಿಕೆ, ಬಿಳಿ ಬಟ್ಟೆ ಹೊದಿಸಿದ ದುಂಡು ಮೇಜುಗಳು. ಒಂದೊಂದು ರಾಜ್ಯದಿಂದ ಮೊದಲ ಸ್ಥಾನ ಪಡೆದವರು ಬಹುಮಾನ ಪಡೆದು ನಾಲ್ಕು ಮಾತು ಆಡಬೇಕು. ಹೆಂಗಸರು ಬರುತ್ತಿದ್ದರು, ಫಲಕ ಪಡೆಯುತ್ತಿದ್ದರು, ಮೈಕನ್ನು ಗಂಡನ ಕೈಗೆ ಕೊಟ್ಟು ಪಕ್ಕಕ್ಕೆ ಸರಿಯುತ್ತಿದ್ದರು. ಕರ್ನಾಟಕದ ಸರದಿ ಬಂತು. ಗಂಗಾಂಬಿಕೆ ಎಂಬ ಹೆಸರನ್ನು ನಿರೂಪಕ ಮೂರು ಕಡೆ ಮುರಿದು ಕೂಗಿದ. ನಾವಿಬ್ಬರೂ ಮೇಲೆ ಹೋದೆವು. ಫಲಕ ಅವಳ ಕೈಗೆ ಬಂತು. ರೂಢಿಯ ಪ್ರಕಾರ ಮೈಕು ನನ್ನ ಕಡೆ ಚಾಚಿತು.

ಗಂಗಾ ಅದನ್ನು ನಡುದಾರಿಯಲ್ಲೇ ತೆಗೆದುಕೊಂಡಳು.

"ಎಲ್ಲರಿಗೂ ಶರಣು. ನಂಗೆ ಇಂಗ್ಲಿಷ್ ಅರ್ಥ ಆಗುತ್ತೆ, ಮಾತಾಡೋಕೆ ಬರಲ್ಲ. ನಾನು ಕನ್ನಡದಲ್ಲಿ ಹೇಳ್ತೀನಿ. ನಮ್ಮ ಯಜಮಾನ್ರು ಇಂಗ್ಲಿಷ್‌ನಲ್ಲಿ ಹೇಳ್ತಾರೆ."

ನನಗೆ ಇನ್ನೊಂದು ಮೈಕು ಕೊಟ್ಟರು. ಅವಳು ಮುರುಗೇಶನ ಕಥೆಯನ್ನು ಹೇಳತೊಡಗಿದಳು, ಒಂದು ವಾಕ್ಯ ಅವಳದು, ಒಂದು ನನ್ನದು. ಬಾಗಿಲಿನಿಂದ ಕಳಿಸಿದ್ದು ಬಂತು, ಮುರುಕ್ಕು ಬಂತು. ಅನುವಾದದ ಸೋಜಿಗವೇ ಇದು: ಅವಳು 'ನಾನು' ಎಂದಾಗ ನಾನೂ 'ಐ' ಎಂದೆ, ಆದರೆ ಆ ನಾನು ನಾನಾಗಿರಲಿಲ್ಲ. ಮೊನ್ನೆ ಕದ್ದು ತೊಟ್ಟಿದ್ದ ಮಾತನ್ನೇ ಈಗ ಅವಳ ಅಪ್ಪಣೆಯ ಮೇರೆಗೆ ಆಡುತ್ತಿದ್ದೆ. ನಂತರ ಅವಳು, ನಾನು ವಿರೂಪಾಕ್ಷಪ್ಪನವರಿಗೆ ಹೇಳಿರದ ಭಾಗಕ್ಕೆ ಬಂದಳು.

"ಮೂರು ವರ್ಷ ಆದ್ಮೇಲೆ ಮುರುಗೇಶ್ ಎದೆನೋವಿಂದ ಹೋಗ್ಬಿಟ್ರು. ನಾನು ಫಾರಂ ತಗೊಂಡು ಅವರ ಮನೆಗೆ ಹೋದೆ. ಸೆಲ್ವಿ ಫಾರಂ ನೋಡ್ಲಿಲ್ಲ. ನನ್ನ ಕೈ ಹಿಡ್ಕೊಂಡು ಕೂತ್ಳು. ಮಧ್ಯಾಹ್ನದವರೆಗೂ ಬಿಡ್ಲಿಲ್ಲ. ನಾನೂ ಬಿಡಿಸ್ಕೊಳ್ಳಲಿಲ್ಲ. ಈ ಕೆಲಸ ಏನು ಅಂತ ನಂಗೆ ಅವತ್ತು ಅರ್ಥ ಆಯ್ತು."

ಹೇಳಿದೆ. ಮೇಜುಗಳ ಗುಜುಗುಜು ನಿಂತುಹೋಗಿತ್ತು.

"ನಮ್ಮ ಯಜಮಾನ್ರು ಅವತ್ತು ಹೊರಗೇ ನಿಂತಿದ್ರು. ಅಳೋ ಮನೆ ಅಂದ್ರೆ ಅವರಿಗೆ ಭಯ. ಮೊನ್ನೆ ಇಲ್ಲಿ ಒಬ್ಬರಿಗೆ ಈ ಕಥೆ ತಮ್ಮದು ಅಂತ ಹೇಳಿದ್ರು. ಅರ್ಧ ಹೇಳಿದ್ರು. ಇನ್ನರ್ಧ ಅವರಿಗೆ ಗೊತ್ತಿರ್ಲಿಲ್ಲ."

ಕನ್ನಡ ಬಲ್ಲ ಎರಡು ಮೂರು ಮೇಜುಗಳಲ್ಲಿ ಸಣ್ಣ ನಗು ಎದ್ದು ಆರಿತು. ಉಳಿದವರೆಲ್ಲ ನನ್ನ ಮುಖ ನೋಡುತ್ತಿದ್ದರು. ಏನೂ ಗೊತ್ತಿಲ್ಲದ ಆ ಮುಖಗಳಿಗೆ, ನನ್ನ ಗಂಡನ ಪ್ರೋತ್ಸಾಹವೇ ನನ್ನ ಯಶಸ್ಸು ಎಂದು ಒಂದು ಸಾಲು ಒಗೆದಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಗಂಗಾ ನನ್ನ ಕಡೆ ನೋಡಲಿಲ್ಲ. ಕಾದಳು.

"ಮೈ ಹಸ್ಬೆಂಡ್ ಸ್ಟೇಡ್ ಔಟ್‌ಸೈಡ್," ಎಂದೆ. ನನ್ನನ್ನು ನಾನೇ 'ನನ್ನ ಗಂಡ' ಎಂದು ಕರೆದದ್ದು ಬದುಕಿನಲ್ಲಿ ಅದೊಂದೇ ಸಲ. ಭಯ ಎಂದದ್ದನ್ನು ಭಯ ಎಂದೇ ಹೇಳಿದೆ, ತಮ್ಮದು ಅಂತ ಹೇಳಿದರು ಎಂಬುದನ್ನೂ ಹಾಗೆಯೇ ಹೇಳಿದೆ. ಒಂದೊಂದು ಮಾತು ದಾಟಿದಂತೆ ಎದೆಯ ಭಾರ ಇಳಿಯುತ್ತ ಹೋಗಿ, ಅಚ್ಚರಿಯೆಂದರೆ, ನಾಚಿಕೆ ಇರಬೇಕಾಗಿದ್ದ ಕಡೆ ಬೇರೇನೋ ತುಂಬಿಕೊಂಡಿತು. ಇಷ್ಟು ಜನರ ಮುಂದೆ, ಇಷ್ಟು ದೂರದ ನಾಡಿನಲ್ಲಿ, ನಡುಗದೆ, ಉಬ್ಬದೆ, ಇದ್ದದ್ದನ್ನು ಇದ್ದಂತೆ ಹೇಳಬಲ್ಲ ಈ ಹೆಂಗಸು ನನ್ನ ಮನೆಯವಳು! ಜಂಬಕ್ಕೆ ಎಲ್ಲವೂ ತನ್ನದೇ ಆಗಿರಬೇಕು. ಹೆಮ್ಮೆಗೆ ಆ ಹಂಗಿಲ್ಲ, ಅದು ಇನ್ನೊಬ್ಬರ ಗೆಲುವಿನಲ್ಲೂ ಹೊಟ್ಟೆ ತುಂಬ ಉಣ್ಣುತ್ತದೆ. ಹದಿನೈದು ವರ್ಷ ನಾನು ಜಂಬದ ಹಸಿವಿನಲ್ಲಿ ಹೆಮ್ಮೆಯ ಊಟ ತಪ್ಪಿಸಿಕೊಂಡಿದ್ದೆ.

"ಇದು ನನ್ನ ಹೆಸರಲ್ಲಿ ಬೇರೆಯವರು ಮಾಡಿದ ಕೆಲಸ ಅಲ್ಲ. ನಾನೇ ಮಾಡಿದ್ದು," ಎಂದು ಅವಳು ಮುಗಿಸಿದಳು. ಆ ಕೊನೆಯ ಸಾಲನ್ನು ನಾನು ಇಂಗ್ಲಿಷಿನಲ್ಲಿ ಎರಡು ಸಲ ಹೇಳಿದೆ. ಎರಡನೆಯ ಸಲದ್ದು ನನ್ನ ಸ್ವಂತದ್ದು.

ಮೊದಲು ಎದ್ದು ನಿಂತು ಚಪ್ಪಾಳೆ ತಟ್ಟಿದವರು ಲಲಿತಮ್ಮ. ಪಕ್ಕದಲ್ಲಿ ವಿರೂಪಾಕ್ಷಪ್ಪನವರು ಸ್ವಲ್ಪ ತಡವಾಗಿ ಎದ್ದರು, ಆದರೆ ಎದ್ದರು.

ಕೆಳಗಿಳಿಯುವಾಗ ಗಂಗಾ ಮೆಲ್ಲಗೆ ಅಂದಳು: "ಒಂದು ಮಾತೂ ಬಿಡ್ಲಿಲ್ಲ ನೀವು."

"ಬಿಡ್ಬೇಕಿತ್ತಾ?"

"ಬಿಡ್ತೀರಿ ಅಂದ್ಕೊಂಡಿದ್ದೆ." ಅಷ್ಟು ಹೇಳಿ ನನ್ನ ತೋಳು ಹಿಡಿದು ಮೆಟ್ಟಿಲು ಇಳಿದಳು. ಮರುದಿನ, ಉಳಿದಿದ್ದ ಒಂದೇ ದಿನದಲ್ಲಿ, ಐದು ದಿನದ ಕಡಲನ್ನೆಲ್ಲ ನೋಡಿ ಮುಗಿಸಿದೆವು.

ಊರಿಗೆ ಬಂದ ಮೇಲಿನ ಭಾನುವಾರ ಬೆಳಿಗ್ಗೆ ಸೆಲ್ವಿಯ ಮನೆಗೆ ಹೋಗಬೇಕೆಂದು ಹೊರಡಿಸಿದವನು ನಾನೇ. ಅವಳಾಗ ಭದ್ರಾವತಿಯಲ್ಲೇ ಸಣ್ಣ ಮನೆಯೊಂದರಲ್ಲಿ ಹೊಲಿಗೆ ಮಾಡಿಕೊಂಡಿದ್ದಳು. ಮಗಳು ನರ್ಸಿಂಗ್ ಓದುತ್ತಿದ್ದಳು. "ವಾಂಗಕ್ಕಾ" ಎಂದು ತಮಿಳಿನಲ್ಲಿ ಬರಮಾಡಿಕೊಳ್ಳುತ್ತ ಬಾಗಿಲು ತೆರೆದವಳು, ಗಂಗಾಳ ಹಿಂದೆ ನಾನೂ ಚಪ್ಪಲಿ ಬಿಡುತ್ತಿರುವುದನ್ನು ಕಂಡು ಒಂದು ಗಳಿಗೆ ಹಾಗೇ ನಿಂತಳು. ಬೇಗಬೇಗ ಕುರ್ಚಿಯ ಮೇಲಿನ ಬಟ್ಟೆ ತೆಗೆದಳು. ಗೋಡೆಯ ಮೇಲೆ ಮುರುಗೇಶನ ಪಟ. ಅವನನ್ನು ನಾನು ಹತ್ತಾರು ವರ್ಷ ಹಾಜರಿ ಪುಸ್ತಕದಲ್ಲಿ ಬರೆದಿದ್ದೆ. ಮುಖವೆತ್ತಿ ನೋಡಿದ್ದು ಅಂದೇ.

ನಡೆದದ್ದನ್ನೆಲ್ಲ ನಾನೇ ಹೇಳಿದೆ. ಗಂಗಾ ಇಷ್ಟು ಜನರ ಮುಂದೆ ನಿಮ್ಮ ಮನೆಯ ಕಥೆ ಹೇಳಿದಳು, ನಾನು ಇಂಗ್ಲಿಷಿನಲ್ಲಿ ಹೇಳಿದೆ, ಎಲ್ಲರೂ ಎದ್ದು ನಿಂತರು ಎಂದೆ. ಸೆಲ್ವಿ ಹೊಲಿಗೆ ಯಂತ್ರದ ಮೇಲೆ ಕೈ ಇಟ್ಟುಕೊಂಡು ಕೇಳುತ್ತಿದ್ದಳು.

"ಅವರ ಹೆಸ್ರು ಹೇಳಿದ್ರಾ ಸಾರ್, ಅಲ್ಲಿ?"

"ಹೇಳಿದೆನಮ್ಮ."

"ಇಂಗ್ಲಿಷ್‌ನಲ್ಲಿ ಹೆಂಗೆ ಹೇಳಿದ್ರಿ?"

"ಮುರುಗೇಶ್ ಅಂತಲೇ."

ಸೆಲ್ವಿ ಪಟದ ಕಡೆ ತಿರುಗಿ, ತಮಿಳಿನಲ್ಲಿ ಅವನಿಗೆ ಏನೋ ಹೇಳಿದಳು. ನನಗೆ ಅರ್ಥವಾಗಲಿಲ್ಲ. ಈ ಸಲ ಗಂಗಾ ನನ್ನ ಕಿವಿಯ ಹತ್ತಿರ ಬಾಗಿ ಅದನ್ನು ಕನ್ನಡದಲ್ಲಿ ಹೇಳಿದಳು: "ಕೇಳಿದ್ರಾ, ನಿಮ್ಮನ್ನ ಕಡಲಾಚೆಗೆ ಕರ್ಕೊಂಡು ಹೋಗಿದ್ರಂತೆ ನಮ್ಮಕ್ಕ."